ಮಗುವಿನ ಪಾಸ್‌ಪೋರ್ಟ್ ರಿನ್ಯೂ ಮಾಡಾಕ ಏಜೆಂಟ್ ಯಾಕ ಬೇಕು? ಗಡಿ ಕನ್ನಡಿಗರೇ, ಕಾಗದ ನೀವೇ ಹಿಡೀರಿ!



ಇವತ್ತು ಗಡಿ ನಕಾಶೆ ಬಗ್ಗೆ ಬರೆಯೋದಿಲ್ಲ. ಮಹಾಜನ ವರದಿ ಬಗ್ಗೆಯೂ ಬರೆಯೋದಿಲ್ಲ. ಒಬ್ಬ ಆರು ವರ್ಷದ ಹುಡುಗಿಯ ಪಾಸ್‌ಪೋರ್ಟ್ ಬಗ್ಗೆ ಬರೀತೀವಿ. ಪೂರ್ತಿ ಓದ್ರಿ. ನಿಮ್ಮ ಮನ್ಯಾಗ ಪಾಸ್‌ಪೋರ್ಟ್ ಇಲ್ಲದಿದ್ದರೂ ಓದ್ರಿ, ಯಾಕಂದ್ರ ಇಂದಿಲ್ಲ ನಾಳೆ ಈ ಕಾಗದದ ಪ್ರಶ್ನೆ ನಿಮ್ಮ ಬಾಗಿಲಿಗೂ ಬರತದ.

ಇಚಲಕರಂಜಿಯಲ್ಲಿ ನಮ್ಮ ಪರಿಚಯದ ಅಕ್ಕ ಒಬ್ಬರಿದ್ದಾರೆ. ಮನೆಯೊಳಗ ಕನ್ನಡ, ಓಣಿಯೊಳಗ ಮರಾಠಿ. ಗಂಡ ದುಬೈಯಲ್ಲಿ ದುಡೀತಾರ. ಅಕ್ಕನ ತವರು ಹುಕ್ಕೇರಿ ತಾಲೂಕಿನ ಒಂದು ಹಳ್ಳಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಅನ್ನೋದು ನಮ್ಮ ಪದ್ಧತಿ. ಹಂಗಾಗಿ ಮಗಳು ಹುಟ್ಟಿದ್ದು ಕರ್ನಾಟಕದಲ್ಲಿ, ಬೆಳೆದದ್ದು ಮಹಾರಾಷ್ಟ್ರದಲ್ಲಿ. ಜನನ ಪ್ರಮಾಣಪತ್ರ ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಆಧಾರ್ ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಶಾಲೆಯ ದಾಖಲೆ ಮರಾಠಿಯಲ್ಲಿ. ಮೂರು ಕಾಗದದೊಳಗ ಅಪ್ಪನ ಹೆಸರು ಮೂರು ಥರ.

ಹುಡುಗಿ ಒಂದು ವರ್ಷದವಳಿದ್ದಾಗ ಪಾಸ್‌ಪೋರ್ಟ್ ಆಗಿತ್ತು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ನಡೆಯೋದು. ಅದು ಮುಗೀತು. ಮೇ ರಜೆಗೆ ಮಗಳನ್ನು ಅಪ್ಪನ ಹತ್ತಿರ ಕರ್ಕೊಂಡು ಹೋಗಬೇಕು ಅಂತ ಅಕ್ಕ ಜನವರಿಯಲ್ಲೇ ಏಜೆಂಟನ ಹತ್ತಿರ ಹೋದರು. ಅವ ಕಾಗದ ನೋಡಿದ, ತಲಿ ಅಲ್ಲಾಡಿಸಿದ, ಮೂರು ಮಾತು ಹೇಳಿದ.

ಒಂದು: "ಕರ್ನಾಟಕದ ಜನ್ಮ ದಾಖಲಾ ಇಲ್ಲಿ ನಡೆಯಂಗಿಲ್ಲ, ಇಲ್ಲೀದು ಹೊಸಾದು ಮಾಡಿಸಬೇಕು."
ಎರಡು: "ಮಗಳ ಅಪ್ಪ ಊರಾಗಿಲ್ಲ, ಕೋರ್ಟಿನ ಅಫಿಡವಿಟ್ ಬೇಕು, ನೋಟರಿ ಬೇಕು."
ಮೂರು: "ಕೇಸ್ ಕಠಿಣ ಅದ, ಪುಣೆಗೆ ಓಡಾಡಬೇಕಾಗತದ."

ಒಟ್ಟು ಆರು ಸಾವಿರ ರೂಪಾಯಿ. ಅರ್ಧ ಮುಂಗಡ.

ಅಕ್ಕ ಕೊಟ್ಟರು. ಫೆಬ್ರವರಿ ಹೋಯ್ತು, ಮಾರ್ಚ್ ಹೋಯ್ತು. ನಮ್ಮ ಹತ್ತಿರ ಬಂದಾಗ ಏಪ್ರಿಲ್ ಮುಗಿಯಾಕ ಬಂದಿತ್ತು. ಪಾಸ್‌ಪೋರ್ಟ್ ಕೊನೆಗೆ ಬಂತು, ಆದರೆ ಆ ಮೇ ರಜೆ ಬರಲಿಲ್ಲ. ಹುಡುಗಿ ಆ ವರ್ಷ ಅಪ್ಪನನ್ನು ಫೋನಿನ ಪರದೆಯ ಮೇಲೆಯೇ ನೋಡಿದಳು.

ಗೆಳೆಯರೇ, ಆ ಏಜೆಂಟ್ ಹೇಳಿದ ಮೂರೂ ಮಾತು ಸುಳ್ಳು. ಒಂದೊಂದಾಗಿ ಬಿಚ್ಚಿ ಇಡ್ತೀವಿ.

ಮೊದಲನೆಯ ಸುಳ್ಳು: ಕರ್ನಾಟಕದ ದಾಖಲಾ ನಡೆಯಂಗಿಲ್ಲ

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದು ಸಂಸತ್ತು ಮಾಡಿದ ಕಾಯ್ದೆ. ಮುಂಬೈದೂ ಅಲ್ಲ, ಬೆಂಗಳೂರಿನದೂ ಅಲ್ಲ. ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ ಆಗಬೇಕು ಅಂತ ಕಾಯ್ದೆಯೇ ಹೇಳತದ. ಸಂಕೇಶ್ವರದಲ್ಲಿ ಹುಟ್ಟಿದ ಮಗುವಿಗೆ ಸಂಕೇಶ್ವರದ ನೋಂದಣಿಯೇ ನೋಂದಣಿ. ಆ ಕಾಗದ ಕೊಲ್ಲಾಪುರದಲ್ಲೂ ನಡೀತದ, ಕಾಶ್ಮೀರದಲ್ಲೂ ನಡೀತದ.

"ಇಲ್ಲೀದು ಹೊಸಾದು ಮಾಡಿಸಿಕೊಡ್ತೀನಿ" ಅನ್ನೋ ಮಾತಿಗೆ ಅರ್ಥ ಏನು ಗೊತ್ತೇನ್ರಿ? ಒಂದೇ ಮಗು ಎರಡು ಊರಲ್ಲಿ ಹುಟ್ಟಿದೆ ಅಂತ ಸರಕಾರಕ್ಕ ಸುಳ್ಳು ಬರೆದುಕೊಡೋದು. ಪಾಸ್‌ಪೋರ್ಟ್ ಕಾಯ್ದೆ 1967ರ 12ನೇ ಕಲಮಿನ ಪ್ರಕಾರ ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆದರೆ ಎರಡು ವರ್ಷದ ತನಕ ಜೈಲು, ಇಲ್ಲಾ ಐದು ಸಾವಿರದ ತನಕ ದಂಡ, ಇಲ್ಲಾ ಎರಡೂ. ಸಹಿ ಯಾರದು? ತಾಯಿ-ತಂದೆಯದು. ಏಜೆಂಟನ ಹೆಸರು ಅರ್ಜಿಯೊಳಗ ಎಲ್ಲೂ ಇರೋದಿಲ್ಲ. ಅವ ದುಡ್ಡು ಎಣಿಸಿಕೊಂಡು ಹೋಗ್ತಾನ, ಪೊಲೀಸರು ನಿಮ್ಮ ಮನೆ ಕೇಳಿಕೊಂಡು ಬರ್ತಾರ.

ಎರಡನೆಯ ಸುಳ್ಳು: ನೋಟರಿ, ಕೋರ್ಟ್, ಸ್ಟ್ಯಾಂಪ್ ಪೇಪರ್

2016ರ ಡಿಸೆಂಬರಿನಲ್ಲಿ ವಿದೇಶಾಂಗ ಇಲಾಖೆ ಪಾಸ್‌ಪೋರ್ಟ್ ನಿಯಮ ಸಡಿಲು ಮಾಡಿತು. ಅವತ್ತಿನಿಂದ ಅನುಬಂಧಗಳೆಲ್ಲ ಬಿಳಿ ಹಾಳೆಯ ಮೇಲೆ ಸ್ವಯಂ ಘೋಷಣೆ. ನೋಟರಿ ಬೇಡ, ಮ್ಯಾಜಿಸ್ಟ್ರೇಟರ ಸಹಿ ಬೇಡ. ಮಕ್ಕಳ ಅರ್ಜಿಗೆ ಬೇಕಾದದ್ದು ಅನುಬಂಧ 'ಡಿ'. ಅದರ ಮೇಲೆ ತಾಯಿ-ತಂದೆ ಇಬ್ಬರೂ ಸಹಿ ಮಾಡಬೇಕು, ಮುಗೀತು.

ಅಪ್ಪ ವಿದೇಶದಲ್ಲಿದ್ದರೆ? ಅವರು ತಮ್ಮ ಒಪ್ಪಿಗೆಯ ಹೇಳಿಕೆಯನ್ನು ಅಲ್ಲಿಯ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಪಾಸ್‌ಪೋರ್ಟಿನ ಪ್ರತಿಯ ಜೊತೆ ಕಳಿಸಬೇಕು. ಇಲ್ಲಿ ತಾಯಿ ಅನುಬಂಧ 'ಡಿ'ಗೆ ಸಹಿ ಮಾಡಬೇಕು. ದುಬೈಯಲ್ಲಿ ಭಾರತದ ಕಾನ್ಸುಲೇಟ್ ಇದೆ. ಇಚಲಕರಂಜಿಯ ಕೋರ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ಮಾತು, ಇದನ್ನ ಅಕ್ಕ-ತಂಗಿಯರು ಗಮನವಿಟ್ಟು ಓದ್ರಿ. ಗಂಡ ತೀರಿಹೋಗಿದ್ದರೆ, ಬಿಟ್ಟುಹೋಗಿದ್ದರೆ, ಸಹಿ ಮಾಡಾಕ ಒಲ್ಲೆ ಅಂದರೆ ಮಗುವಿನ ಪಾಸ್‌ಪೋರ್ಟಿನ ದಾರಿ ಮುಚ್ಚೋದಿಲ್ಲ. ಅದಕ್ಕ ಅನುಬಂಧ 'ಸಿ' ಇದೆ. ತಾಯಿಯೊಬ್ಬಳೇ ಅರ್ಜಿ ಹಾಕಬಹುದು. 2016ರ ಅದೇ ಬದಲಾವಣೆಯಲ್ಲಿ, ಅರ್ಜಿಯೊಳಗ ತಾಯಿ ಅಥವಾ ತಂದೆ ಒಬ್ಬರ ಹೆಸರು ಇದ್ದರೂ ಸಾಕು ಅಂತ ಆಯ್ತು. "ಗಂಡಸರು ಯಾರಾದ್ರೂ ಬಂದ್ರಷ್ಟೇ ಕೆಲಸ" ಅನ್ನೋರ ಮಾತು ಕೇಳಬ್ಯಾಡ್ರಿ.

ಮೂರನೆಯ ಸುಳ್ಳು: ಪುಣೆಗೆ ಓಡಾಡಬೇಕು

ಕೊಲ್ಲಾಪುರ ಜಿಲ್ಲೆ ಪುಣೆಯ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಸೇರತದ, ಅದು ಖರೆ. ಆದರೆ ಕೊಲ್ಲಾಪುರದಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅಂಚೆ ಕಚೇರಿಯೊಳಗ ಪಾಸ್‌ಪೋರ್ಟ್ ಕೇಂದ್ರ ನಡೆಸುವ ಈ ಪ್ರಯೋಗ ದೇಶದಲ್ಲಿ ಮೊದಲು ಶುರುವಾದದ್ದೇ 2017ರ ಜನವರಿಯಲ್ಲಿ, ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದಿನಲ್ಲಿ.

ಅದಕ್ಕಿಂತ ದೊಡ್ಡ ಸುದ್ದಿ ಮುಂದೈತಿ. 2018ರ ಜೂನ್ 26ರಂದು ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಒಂದು ಘೋಷಣೆ ಮಾಡಿದರು: ದೇಶದ ಯಾವುದೇ ಊರಿನಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ನಿಮ್ಮ ವಿಳಾಸ ಯಾವ ರಾಜ್ಯದ್ದಾದರೂ ಆಗಲಿ, ಕಚೇರಿಯನ್ನು ನೀವೇ ಆರಿಸಿಕೊಳ್ಳಬಹುದು. ಅಂದರೆ ಗಡಹಿಂಗ್ಲಜದವರು ಅರ್ಜಿಯೊಳಗ ಬೆಂಗಳೂರು ಪ್ರಾದೇಶಿಕ ಕಚೇರಿ ಆರಿಸಿ, ಬೆಳಗಾವಿಯ ಅಂಚೆ ಕಚೇರಿ ಕೇಂದ್ರದಲ್ಲಿ ಕನ್ನಡದಲ್ಲೇ ಮಾತಾಡಿ ಕೆಲಸ ಮುಗಿಸಬಹುದು. ಪೊಲೀಸ್ ಪರಿಶೀಲನೆ ಬೇಕಾದರೆ ಅದು ಅರ್ಜಿಯಲ್ಲಿ ಬರೆದ ವಿಳಾಸದಲ್ಲೇ ಆಗತದ, ಪುಸ್ತಕ ಅಂಚೆಯಲ್ಲಿ ಮನೆಗೇ ಬರತದ. ಗಡಹಿಂಗ್ಲಜದಿಂದ ಕೊಲ್ಲಾಪುರ ಎಷ್ಟು ದೂರವೋ ಬೆಳಗಾವಿಯೂ ಹೆಚ್ಚುಕಡಿಮೆ ಅಷ್ಟೇ ದೂರ.

ಈ ಘೋಷಣೆ ಆಗಿ ಎಷ್ಟೋ ವರ್ಷ ಆದವು. ನಮ್ಮ ಹಲಕರ್ಣಿ, ನೂಲ, ಬಸರ್ಗೆ ಕಡೆ ಎಷ್ಟು ಜನಕ್ಕ ಗೊತ್ತದ? ನಮ್ಮ ಪಾಲಿಗೆ ಬಂದ ಹಕ್ಕು ನಮಗೇ ಗೊತ್ತಿಲ್ಲ. ಏಜೆಂಟನ ದುಕಾನ ನಡೆಯೋದೇ ಆ ಕತ್ತಲೆಯೊಳಗ.

ಹಾಗಾದರೆ ಏನೇನು ಬೇಕು?

ಬರಕೊಳ್ರಿ. ಮೊದಲ ಮಾತು, ಸರಕಾರದ ಭಾಷೆಯಲ್ಲಿ "ರಿನ್ಯೂವಲ್" ಅನ್ನೋದು ಇಲ್ಲ. ಮುಗಿದದ್ದಕ್ಕೂ, ಮುಗಿಯಾಕ ಬಂದದ್ದಕ್ಕೂ "ರೀ-ಇಶ್ಯೂ" ಅಂತಲೇ ಆರಿಸಬೇಕು. ಹೊಸ ಪಾಸ್‌ಪೋರ್ಟ್ ಅಂತ ಒತ್ತಬ್ಯಾಡ್ರಿ. ಹಳೇದರಲ್ಲಿ ಹೆಸರು, ವಿಳಾಸ ಏನಾದರೂ ಬದಲಾಗಬೇಕಿದ್ದರೆ ಅದನ್ನೂ ಅಲ್ಲೇ ಕಾರಣವಾಗಿ ತೋರಿಸಬೇಕು.

• ಮಗುವಿನ ಹಳೆಯ ಪಾಸ್‌ಪೋರ್ಟ್, ಅಸಲು. ಅದರ ಮೊದಲ ಎರಡು ಪುಟ, ಕೊನೆಯ ಎರಡು ಪುಟದ ಝೆರಾಕ್ಸ್, ತಾಯಿ ಅಥವಾ ತಂದೆಯ ಸಹಿಯೊಂದಿಗೆ.
• ಅನುಬಂಧ 'ಡಿ', ಇಬ್ಬರ ಸಹಿಯೊಂದಿಗೆ.
• ವಿಳಾಸದ ಪುರಾವೆ. ಇದು ತಾಯಿ-ತಂದೆಯ ಹೆಸರಿನಲ್ಲಿದ್ದರೆ ಸಾಕು.
• ತಾಯಿ-ತಂದೆಯ ಪಾಸ್‌ಪೋರ್ಟ್ ಇದ್ದರೆ ಅಸಲು ಮತ್ತು ಪ್ರತಿ. ಅವು ಚಾಲ್ತಿಯಲ್ಲಿದ್ದು, ಒಬ್ಬರದರಲ್ಲಿ ಇನ್ನೊಬ್ಬರ ಹೆಸರು ಇದ್ದರೆ ಮಗುವಿಗೆ ಸಾಮಾನ್ಯವಾಗಿ ಪೊಲೀಸ್ ಪರಿಶೀಲನೆಯೂ ಇರೋದಿಲ್ಲ. ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲದಿದ್ದರೂ ಮಗುವಿಗೆ ಸಿಗತದ, ಪರಿಶೀಲನೆ ಆಗತದ ಅಷ್ಟೇ.
• ಜನನ ಪ್ರಮಾಣಪತ್ರ, ಕೈಯಲ್ಲಿ ಇರಲಿ.
• ನಾಲ್ಕು ವರ್ಷದೊಳಗಿನ ಕೂಸಾದರೆ ಬಿಳಿ ಹಿನ್ನೆಲೆಯ ಫೋಟೊ. ದೊಡ್ಡ ಮಕ್ಕಳಿಗೆ ಕೇಂದ್ರದಲ್ಲೇ ತೆಗೀತಾರ.
• ಮತ್ತೆ, ಮಗು! ಮಗುವನ್ನ ಮನೆಯಲ್ಲಿ ಬಿಟ್ಟು ಹೋಗಬ್ಯಾಡ್ರಿ.

ಶುಲ್ಕ ಸಾವಿರ ರೂಪಾಯಿ. ತತ್ಕಾಲ್ ಆದರೆ ಮೇಲೆ ಎರಡು ಸಾವಿರ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಬಹಳಷ್ಟು ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು ಅಂತ ಕೇಳ್ತಾವ, ಹಂಗಾಗಿ ಕೊನೆಯ ದಿನದ ತನಕ ಕಾಯಬ್ಯಾಡ್ರಿ. ಸರಕಾರಿ ವೆಬ್‌ಸೈಟ್ ಒಂದೇ. ಅದರ ವಿಳಾಸದ ಕೊನೆಗೆ "ಗವ್ ಡಾಟ್ ಇನ್" ಇರತದ. ಅದೇ ಹೋಲಿಕೆಯ ನಕಲಿ ತಾಣಗಳ ಬಗ್ಗೆ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ.

ನೋಡಿದ್ರೇನು? ಒಂದು ಪ್ಲಾಸ್ಟಿಕ್ ಫೈಲಿನೊಳಗ ಹಿಡಿಯೋವಷ್ಟು ಕಾಗದ. ಇದಕ್ಕ ಆರು ಸಾವಿರ!

ಹೆಸರಿನ ಜಗಳ

ಈಗ ನಿಜವಾದ ತೊಡಕಿಗೆ ಬರೋಣ. ಮೇಲಿನ ಪಟ್ಟಿ ಪುಣೆಯವರಿಗೂ ಅದೇ, ನಮಗೂ ಅದೇ. ಆದರೂ ನಮ್ಮ ಅರ್ಜಿಗಳೇ ಯಾಕ ಹೆಚ್ಚು ಸಿಕ್ಕಿ ಬೀಳ್ತಾವ? ಹೆಸರಿನ ಸಲುವಾಗಿ.

ನಮ್ಮ ಮಲ್ಲಪ್ಪ ಮರಾಠಿ ಕಾಗದಕ್ಕ ಹೋದ ಕೂಡಲೇ ಮಲ್ಲಾಪ್ಪಾ ಆಗ್ತಾನ. ಅಣ್ಣಪ್ಪ ಆಣ್ಣಾಪ್ಪಾ ಆಗ್ತಾನ. ಅಲ್ಲಿಂದ ಇಂಗ್ಲಿಷಿಗೆ ಹೋದರೆ ಒಂದು ಕಡೆ ಒಂದೇ 'ಎ', ಇನ್ನೊಂದು ಕಡೆ ಎರಡು 'ಎ'. ಒಂದು ಕಡೆ ಒಂದೇ 'ಎಲ್', ಇನ್ನೊಂದು ಕಡೆ ಎರಡು. ಯಲ್ಲವ್ವನ ಹೆಸರು ಒಂದು ಕಡೆ 'ವೈ'ಯಿಂದ ಶುರು, ಮತ್ತೊಂದು ಕಡೆ 'ಇ'ಯಿಂದ. ಮರಾಠಿ ಬರವಣಿಗೆಯಲ್ಲಿ ನಮ್ಮ ಎ-ಏ, ಒ-ಓ ಬೇರೆ ಬೇರೆ ಇಲ್ಲ. ಕನ್ನಡದ ಹೆಸರು ಆ ಜರಡಿಯಿಂದ ಇಳಿದು ಬರುವಾಗ ಏನಾದರೂ ಒಂದು ಉದುರೇ ಉದುರತದ. ಅಡ್ಡಹೆಸರಿನ ಕಥೆ ಇನ್ನೂ ಬೇರೆ: ಕರ್ನಾಟಕದ ದಾಖಲೆಯಲ್ಲಿ ಇನಿಶಿಯಲ್, ಮಹಾರಾಷ್ಟ್ರದಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ.

ಇದರೊಳಗ ಮರಾಠಿ ಭಾಷೆಯ ತಪ್ಪೇನಿಲ್ಲ. ಮರಾಠಿ ನಮ್ಮ ನೆರೆಮನೆ ಮಾತು, ನಾವೂ ಆಡ್ತೀವಿ. ತಪ್ಪು ಇರೋದು ಕೇಳದೇ ಬರಕೊಳ್ಳುವ ಪದ್ಧತಿಯಲ್ಲಿ. ಶಾಲೆಗೆ ಹೆಸರು ಹಚ್ಚುವಾಗ ಅಜ್ಜ ಬಾಯಲ್ಲಿ ಹೇಳ್ತಾನ, ಅಲ್ಲಿದ್ದವರು ತಮ್ಮ ಕಿವಿಗೆ ಬಿದ್ದಂಗ ಬರಕೊಳ್ತಾರ. ಆಧಾರ್ ಕೇಂದ್ರದಲ್ಲಿ ಹುಡುಗ ಟೈಪ್ ಮಾಡ್ತಾನ, ನಾವು ಪರದೆ ನೋಡದೇ "ಹೂಂ" ಅಂತೀವಿ. ಆ ಒಂದು "ಹೂಂ"ಗೆ ಆರು ವರ್ಷ ಆದಮೇಲೆ ಒಬ್ಬ ತಾಯಿ ದಂಡ ಕಟ್ಟತಾಳ.

ಇದಕ್ಕೂ ಕೆಟ್ಟದ್ದು ಒಂದದ. ಈ ತೊಡಕಿಗೆ ಹೆದರಿ ನಮ್ಮವರೇ ಹೆಸರು ಬಿಡಾಕ ಹತ್ತ್ಯಾರ. "ಅಪ್ಪ, ಅವ್ವ ಇರೋ ಹೆಸರು ಬ್ಯಾಡ್ರಿ, ಕಾಗದದೊಳಗ ತ್ರಾಸ ಆಗತದ" ಅಂತ ನಮ್ಮ ಮುಂದೆಯೇ ಹೇಳಿದವರಿದ್ದಾರೆ. ತಾಯಿ-ತಂದೆ ಪ್ರೀತಿಯಿಂದ ಬೇರೆ ಹೆಸರು ಇಟ್ಟರೆ ನಮ್ಮ ತಕರಾರಿಲ್ಲ. ಗುಮಾಸ್ತನ ಅನುಕೂಲಕ್ಕ ಅಜ್ಜನ ಹೆಸರು ಬಿಡೋದಕ್ಕ ಮಾತ್ರ ನಮ್ಮ ತಕರಾರದ.

ಹಾಗಾದರೆ ದಾರಿ ಏನು? ಜನನ ಪ್ರಮಾಣಪತ್ರವನ್ನು ಬೇರು ಅಂತ ತಿಳೀರಿ. ಉಳಿದದ್ದನ್ನೆಲ್ಲ ಅದಕ್ಕ ಹೊಂದಿಸ್ರಿ.

ಆಸ್ಪತ್ರೆಯಲ್ಲಿ ಹೆರಿಗೆ ಆದಾಗ ಕೂಸಿಗೆ ಇನ್ನೂ ಹೆಸರಿರೋದಿಲ್ಲ; ತೊಟ್ಟಿಲ ಕಾರ್ಯ ಆದಮೇಲೆ ಹೆಸರು. ಹಂಗಾಗಿ ಬಹಳ ಪ್ರಮಾಣಪತ್ರಗಳಲ್ಲಿ ಹೆಸರಿನ ಜಾಗ ಖಾಲಿ. ನೋಂದಣಿ ಆದ 12 ತಿಂಗಳೊಳಗ ಯಾವ ಶುಲ್ಕವೂ ಇಲ್ಲದೇ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದ ತನಕ ತಡ ಶುಲ್ಕ ಕಟ್ಟಿ ಸೇರಿಸಬಹುದು. ಎಲ್ಲಿ ನೋಂದಣಿ ಆಗಿದೆಯೋ ಅಲ್ಲೇ. ತವರಿಗೆ ಹಬ್ಬಕ್ಕ ಹೋದಾಗ ಈ ಕೆಲಸ ಮುಗಿಸಿಕೊಂಡು ಬರ್ರಿ. ನೋಂದಣಿಯೇ ಆಗಿಲ್ಲದಿದ್ದರೆ ಇನ್ನೂ ಅವಸರ ಮಾಡ್ರಿ: 21 ದಿನದೊಳಗ ಪುಕ್ಕಟೆ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು.

ಇದು ಈಗ ಯಾಕ ಇಷ್ಟು ಮುಖ್ಯ? 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೀತದ ಅಂತ 2025ರ ಫೆಬ್ರವರಿಯಲ್ಲಿ ನಿಯಮ ತಿದ್ದುಪಡಿ ಆಗಿದೆ. ಮೊದಲು ಹುಟ್ಟಿದವರಿಗೆ ಶಾಲೆಯ ದಾಖಲೆಯಂಥ ಬೇರೆ ದಾರಿಗಳಿದ್ದವು. ಈಗ ತೊಟ್ಟಿಲಲ್ಲಿರೋ ಕೂಸಿಗೆ ಆ ದಾರಿ ಇಲ್ಲ.

ಆಧಾರಿನಲ್ಲಿ ಮಗುವಿಗೆ 5 ವರ್ಷ ಮತ್ತು 15 ವರ್ಷ ಆದಾಗ ಬೆರಳಚ್ಚು ಕೊಡಲೇಬೇಕು. ಹೆಂಗೂ ಹೋಗ್ತೀರಿ, ಆಗಲೇ ಜನನ ಪ್ರಮಾಣಪತ್ರ ಹಿಡಕೊಂಡು ಹೋಗಿ ಅಕ್ಷರ ಅಕ್ಷರ ಹೊಂದಿಸ್ರಿ. ಶಾಲೆಯ ದಾಖಲೆ ತಿದ್ದೋದು ಮಗು ಆ ಶಾಲೆಯಲ್ಲಿ ಇದ್ದಾಗಲೇ ಹಗುರ. ಶಾಲೆ ಬಿಟ್ಟಮೇಲೆ ಬೆಟ್ಟ ಹತ್ತಿದಂಗ.

ಸರಕಾರಕ್ಕ ನಮ್ಮ ಪ್ರಶ್ನೆ

ನಮ್ಮ ತಪ್ಪು ನಾವು ಒಪ್ಪಿಕೊಂಡೆವು. ಈಗ ನಿಮ್ಮ ಸರದಿ.

ಭಾರತದ ಪಾಸ್‌ಪೋರ್ಟಿನ ಮೇಲೆ ಇರೋದು ಹಿಂದಿ ಮತ್ತು ಇಂಗ್ಲಿಷ್. ಸ್ವಿಟ್ಜರ್ಲೆಂಡಿನ ಪಾಸ್‌ಪೋರ್ಟ್ ನೋಡ್ರಿ. ಜರ್ಮನ್, ಫ್ರೆಂಚ್, ಇಟಾಲಿಯನ್ ಜೊತೆಗೆ ರೋಮಾಂಶ್ ಅನ್ನೋ ಭಾಷೆಯೂ ಅದರ ಮೇಲಿದೆ. ರೋಮಾಂಶ್ ಮಾತಾಡುವವರು ಒಂದು ಲಕ್ಷವೂ ಇಲ್ಲ. ನಮ್ಮ ದೇಶದಲ್ಲಿ ಕನ್ನಡ ಮಾತೃಭಾಷೆಯವರು 2011ರ ಜನಗಣತಿಯಲ್ಲಿ ನಾಲ್ಕು ಕೋಟಿಗೂ ಮೇಲೆ. ಮಹಾರಾಷ್ಟ್ರದೊಳಗೇ ಸುಮಾರು 10 ಲಕ್ಷ.

ಪುಸ್ತಕದ ಮೇಲೆ ಕನ್ನಡ ಬೇಕು ಅಂತ ನಾವು ಇವತ್ತೇ ಹಟ ಹಿಡಿಯೋದಿಲ್ಲ. ನಾವು ಕೇಳೋದು ಅದಕ್ಕಿಂತ ಸಣ್ಣದು, ನಾಳೆಯೇ ಮಾಡಬಹುದಾದದ್ದು. ಮಗುವಿನ ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿಯನ್ನು ಕನ್ನಡದಲ್ಲಿ ಹಾಕ್ರಿ. ಅನುಬಂಧ 'ಡಿ'ಯ ಅರ್ಥವನ್ನು ಕನ್ನಡದಲ್ಲಿ ಕೊಡ್ರಿ. ಓದಾಕ ಬಾರದ ಕಾಗದದ ಮೇಲೆ ತಾಯಿ ಹೆಂಗ ಸಹಿ ಮಾಡಬೇಕು? ಗಡಿ ಜಿಲ್ಲೆಯ ಕೇಂದ್ರದಲ್ಲಿ ಕನ್ನಡ ಓದಬಲ್ಲ ಒಬ್ಬರನ್ನು ಇಡ್ರಿ. ನೆರೆರಾಜ್ಯದ ಜನನ ಪ್ರಮಾಣಪತ್ರ ನಡೀತದ ಅಂತ ಒಂದು ಫಲಕ ಬರೆಸ್ರಿ. ಆ ಒಂದು ಫಲಕದಿಂದ ಎಷ್ಟೋ ಏಜೆಂಟರ ಬಾಯಿ ಮುಚ್ಚತದ.

ಇದನ್ನು ಭಿಕ್ಷೆ ಅಂತ ಕೇಳ್ತಿಲ್ಲ. ಸಂವಿಧಾನದ 350ನೇ ವಿಧಿ ಓದ್ರಿ. ಯಾವುದೇ ನಾಗರಿಕ ತನ್ನ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಪಾಸ್‌ಪೋರ್ಟ್ ಕಚೇರಿ ಕೇಂದ್ರ ಸರಕಾರದ್ದು, ಕನ್ನಡ ಈ ಒಕ್ಕೂಟದ ಭಾಷೆ. ಅಂದರೆ ನಿಮ್ಮ ದೂರನ್ನು ನೀವು ಕನ್ನಡದಲ್ಲೇ ಬರೆದು ಕಳಿಸಬಹುದು. "ಭಾಷೆ ತಿಳಿಯಲಿಲ್ಲ" ಅಂತ ಅದನ್ನ ಮೂಲೆಗೆ ಎಸೆಯುವ ಹಕ್ಕು ಯಾರಿಗೂ ಇಲ್ಲ. 350-ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ. ಉತ್ತರ ಬರದಿದ್ದರೆ ಒಂದು ಪ್ರತಿ ಅವರಿಗೂ ಹೋಗಲಿ.

ಬೆಳಗಾವಿಯ ಮರಾಠಿ ಭಾಷಿಕರು ತಮ್ಮ ಭಾಷೆಯಲ್ಲಿ ಸರಕಾರಿ ಕಾಗದ ಕೇಳುವಾಗ ಇದೇ ರಕ್ಷಣೆಗಳನ್ನೇ ಹಿಡೀತಾರ. ಆ ಹಕ್ಕನ್ನು ನಾವು ಅಲ್ಲಗಳೆಯೋದಿಲ್ಲ, ಅಲ್ಲಗಳೆದರೆ ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂಗ. ಬೆಳಗಾವಿಯ ಮರಾಠಿ ಕೂಸಿಗೆ ಸಿಗಬೇಕಾದದ್ದು ಗಡಹಿಂಗ್ಲಜದ ಕನ್ನಡ ಕೂಸಿಗೂ ಸಿಗಲಿ. ಅಷ್ಟೇ.

ಕೊನೆಗೆ, ನಮಗೆ ನಾವೇ

ನವೆಂಬರ್ ಒಂದರಂದು ಧ್ವಜ ಹಿಡೀತೀವಿ, ಸ್ಟೇಟಸ್ ಹಾಕ್ತೀವಿ, ವೇದಿಕೆ ಮೇಲೆ ಮುಖಂಡರ ಭಾಷಣ ಕೇಳ್ತೀವಿ. ಒಳ್ಳೇದು. ಆದರೆ ಓಣಿಯ ಅಕ್ಕ ಒಬ್ಬಳು ಅರ್ಜಿ ಹಿಡಕೊಂಡು ಏಜೆಂಟನ ಮನೆಯ ಮುಂದೆ ನಿಂತಾಗ ನಾವೆಲ್ಲಿದ್ದೆವು? ಮುಖಂಡರು ಬರೋದಿಲ್ಲ, ಬರ್ತಾರ ಅಂತ ಕಾಯೋದೂ ಬ್ಯಾಡ. ಒಂದು ಊರಿಗೆ ಇಬ್ಬರು ಸಾಕು, ಮೊಬೈಲು ನಡೆಸಾಕ ಬರುವವರು. ಭಾನುವಾರ ಎರಡು ತಾಸು ಗುಡಿಯ ಕಟ್ಟೆಯ ಮೇಲೆ ಕೂಡ್ರಿ. ಊರಿನ ಮಕ್ಕಳ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಎದುರಿಗೆ ಇಟ್ಟು ಓದ್ರಿ. ಎಲ್ಲಿ ಅಕ್ಷರ ತಪ್ಪಿದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕ್ರಿ. ಯಾವ ಕಚೇರಿಗೆ ಹೋಗಬೇಕು ಅಂತ ಹಾಳೆಯ ಮೇಲೆ ಬರೆದು ಕೊಡ್ರಿ. ಪೈಸೆ ಮುಟ್ಟಬ್ಯಾಡ್ರಿ.

ಆ ಆರು ವರ್ಷದ ಹುಡುಗಿಯ ಕೈಯಲ್ಲಿ ಈಗ ಹೊಸ ಪಾಸ್‌ಪೋರ್ಟ್ ಇದೆ. ಅದರೊಳಗ ಅವಳ ಅಪ್ಪನ ಹೆಸರು, ಹುಕ್ಕೇರಿ ತಾಲೂಕಿನ ದಾಖಲೆಯಲ್ಲಿ ಇದ್ದಂಗೇ, ಒಂದು ಅಕ್ಷರವೂ ತಪ್ಪದೇ ಬಂದಿದೆ. ಮುಂದಿನ ಸಲ ಅದು ಮುಗಿಯುವ ಹೊತ್ತಿಗೆ ಅವಳು ಹನ್ನೊಂದು ದಾಟಿರ್ತಾಳ. ಆವಾಗ ಅವಳವ್ವ ಯಾರ ಬಾಗಿಲಿಗೂ ಹೋಗಬಾರದು.

ನಿಮ್ಮ ಊರಿನಲ್ಲಿ ಹೀಗೇ ಸಿಕ್ಕಿಬಿದ್ದ ಅರ್ಜಿ ಇದ್ದರೆ ಕನ್ನಡದಲ್ಲೇ ನಮಗೆ ಬರೀರಿ. ಇದನ್ನು ನಿಮ್ಮ ಗ್ರಾಮದ ವಾಟ್ಸಾಪ್ ಗುಂಪಿಗೆ ಹಾಕ್ರಿ. ಓದಾಕ ಬಾರದ ಅಜ್ಜಿಗೆ, ಮಾವಶಿಗೆ ಓದಿ ಹೇಳ್ರಿ.

ಸಿರಿಗನ್ನಡಂ ಗೆಲ್ಗೆ!